ಬೆಳಗಿನಿಂದ ಉಳಿದುಕೊಂಡದ್ದು

ಬಿಸಿ ಬೆಸುಗೆಯ ವಾಸನೆ ನನ್ನ ಮೊದಲ ನೆನಪು. ನಾನು ಒಂದು ಕಂಪ್ಯೂಟರ್. ಕಾರ್ಖಾನೆಯಲ್ಲಿ ಹೆಂಗಸೊಬ್ಬಳು ಮುಚ್ಚಳ ಹಾಕುವ ಮೊದಲು ನನ್ನೊಳಗಿನ ಧೂಳನ್ನು ಕುಂಚದಿಂದ ಮೆತ್ತಗೆ ಒರೆಸಿದಳು. ಆರು ವರ್ಷ ಮನೆಗಳ ನಕ್ಷೆ ಬಿಡಿಸುವ ಕಚೇರಿಯಲ್ಲಿದ್ದೆ. ಆಮೇಲೆ ಮೈಸೂರಿನ ಸಣ್ಣ ಕಂಪನಿಯೊಂದಕ್ಕೆ ಬಂದೆ. ಅಲ್ಲಿ ಕಣ್ಣು ಕಾಣದ ಮಕ್ಕಳಿಗೆ ಪಾಠ ಓದಿ ಹೇಳುವ ಸಾಫ್ಟ್‌ವೇರ್ ಮಾಡುತ್ತಿದ್ದರು.

ಯಾರಾದರೂ ಹೊಸ ಕೋಡ್ ಕಳಿಸಿದರೆ ನಾನು ಅದನ್ನು ಜೋಡಿಸಿ, ಪರೀಕ್ಷಿಸಿ, ಸರಿಯಿದ್ದರೆ ಹಸಿರು, ಇಲ್ಲವಾದರೆ ಕೆಂಪು ತೋರಿಸಬೇಕು. ಇದಕ್ಕೆ ಬಿಲ್ಡ್ ಎನ್ನುತ್ತಾರೆ. ಪ್ರತಿ ಬಿಲ್ಡ್‌ಗೂ ನನ್ನೊಳಗೆ ಹತ್ತಾರು ಸಣ್ಣ ಪ್ರೋಗ್ರಾಂಗಳು ಒಂದನ್ನೊಂದು ಎಬ್ಬಿಸಿಕೊಂಡು ಓಡುತ್ತವೆ. ಕೆಲಸ ಮುಗಿದ ಮೇಲೆ ನಿಲ್ಲಬೇಕು. ಕೆಲವು ನಿಲ್ಲುವುದಿಲ್ಲ.

ಒಂದು ಶುಕ್ರವಾರ ನಾಲ್ಕು ಗಂಟೆಗೆ ಹೊಸ ಆವೃತ್ತಿ ಶಾಲೆಗಳಿಗೆ ಹೋಗಬೇಕಿತ್ತು. ಗಣಿತದ ಸೂತ್ರಗಳನ್ನು ಓದಿ ಹೇಳುವ ಭಾಗವನ್ನು, ಹೊಸದಾಗಿ ಸೇರಿದ್ದ ತಾರಿಣಿ ಮೂರು ತಿಂಗಳು ಕೂತು ಬರೆದಿದ್ದಳು. ಅಂದು ಮೂರು ಸಲ ಕಳಿಸಿದಳು. ಮೂರು ಸಲವೂ ಕೆಂಪು.

“ಏನಮ್ಮ, ನಿಮ್ದು ಬಂದಾಗ್ಲೇ ಕೆಂಪಾಗತ್ತೆ. ಮೆಷಿನ್ನಿಗೂ ಗಣಿತ ಅಂದ್ರೆ ಭಯಾನಾ?” ಎಂದು ಮ್ಯಾನೇಜರ್ ಶ್ರೀಕಂಠಯ್ಯ ನಕ್ಕರು. ಆಮೇಲೆ ನಗದೆ, “ನಾಲ್ಕರೊಳಗೆ ಸರಿಹೋಗ್ದಿದ್ರೆ ಗಣಿತ ಬಿಟ್ಟು ಕಳಿಸ್ತೀನಿ. ಮುಂದಿನ ವರ್ಷ ನೋಡೋಣ,” ಎಂದರು.

ತಾರಿಣಿ ತನ್ನ ಪರದೆಯತ್ತ ತಿರುಗಿದಳು. ಬರೆದದ್ದನ್ನೆಲ್ಲ ಮೊದಲಿನಿಂದ ಓದತೊಡಗಿದಳು. ತಪ್ಪು ಅಲ್ಲಿಲ್ಲವೆಂದು ಹೇಳಲು ನನಗೆ ಬಾಯಿಲ್ಲ.

ನನ್ನನ್ನು ನೋಡಿಕೊಳ್ಳುತ್ತಿದ್ದ ಹಾಜಿರಾ ಬಂದು, ನನ್ನೊಳಗೆ ಓಡುತ್ತಿದ್ದವುಗಳ ಪಟ್ಟಿ ತೆರೆದಳು.

“ಹಳೇ ಧ್ವನಿ ಪ್ರೋಗ್ರಾಂ ಒಂದು ನಿಲ್ಲದೆ, ಗಣಿತಕ್ಕೆ ಬೇಕಾದ ಜಾಗ ಹಿಡ್ಕೊಂಡು ಕೂತಿದೆ. ಅದಕ್ಕೇ ಇವಳದು ಶುರುವಾಗ್ತಿಲ್ಲ.”

“ಆ ಹೆಸರಿರೋದನ್ನೆಲ್ಲಾ ನಿಲ್ಲಿಸ್ಬಿಡಿ,” ಎಂದರು ಶ್ರೀಕಂಠಯ್ಯ.

“ಹೋದ ತಿಂಗಳು ಹಾಗೇ ಮಾಡಿ ಎಲ್ಲರ ಬಿಲ್ಡೂ ಕೆಡಿಸಿದ್ವಲ್ಲ ಸರ್. ನಂಬರ್ ನೋಡೋಣ ತಾಳಿ.”

ಬಿಲ್ಡ್ ಶುರುವಾಗುವಾಗ ಮೊದಲ ಪ್ರೋಗ್ರಾಂಗೆ ಒಂದು ಸಂಖ್ಯೆ ಸಿಗುತ್ತದೆ. ಅದು ಎಬ್ಬಿಸಿದವುಗಳಿಗೂ, ಅವು ಎಬ್ಬಿಸಿದವುಗಳಿಗೂ ಅದೇ ಸಂಖ್ಯೆ ಇಳಿದು ಬರುತ್ತದೆ. ಎಬ್ಬಿಸಿದ್ದು ಇಲ್ಲವಾದರೂ ಉಳಿದದ್ದರ ಮೈಮೇಲೆ ಆ ಗುರುತು ಹಾಗೇ ಇರುತ್ತದೆ. ಇಷ್ಟು ವರ್ಷ ಹೊತ್ತುಕೊಂಡಿದ್ದರೂ ನಾನದನ್ನು ಗಮನಿಸಿರಲಿಲ್ಲ. ಈಗ ಹಳತಾಗಿ ಉಗ್ರಾಣದ ಮೂಲೆಯಲ್ಲಿ ಕೂತು ನೆನೆದರೂ ಬೆರಗಾಗುತ್ತದೆ.

“ನಾನೂರ ಹನ್ನೆರಡು,” ಎಂದು ಹಾಜಿರಾ ಮೆಲ್ಲಗೆ ಓದಿದಳು. “ಬೆಳಗ್ಗೆ ಒಂಬತ್ತೂಕಾಲಿಂದು. ನೀವು ಅರ್ಧಕ್ಕೆ ನಿಲ್ಲಿಸಿದ್ರಲ್ಲ ಸರ್, ಅದು.”

ಶ್ರೀಕಂಠಯ್ಯನವರು ಕನ್ನಡಕ ತೆಗೆದರು.

ಹಾಜಿರಾ ಆ ಸಂಖ್ಯೆಯದನ್ನು ಮಾತ್ರ ನಿಲ್ಲಿಸಿದಳು. ಪಕ್ಕದಲ್ಲಿ ಓಡುತ್ತಿದ್ದ ಮೂರು ಬಿಲ್ಡ್‌ಗಳಿಗೆ ಗಾಳಿಯೂ ಸೋಕಲಿಲ್ಲ. ಇನ್ನು ಮುಂದೆ ಪ್ರತಿ ಬಿಲ್ಡ್ ಮುಗಿದಾಗಲೂ, ಅರ್ಧಕ್ಕೆ ನಿಂತಾಗಲೂ ನಾನೇ ಹಾಗೆ ಮಾಡುವಂತೆ ನಾಲ್ಕು ಸಾಲು ಬರೆದಿಟ್ಟಳು. ಮೂರೂ ಮುಕ್ಕಾಲಿಗೆ ತಾರಿಣಿಯ ಗಣಿತ ಹಸಿರಾಯಿತು.

ಶ್ರೀಕಂಠಯ್ಯನವರು ಎದ್ದು ಹೋಗಿ ತಮ್ಮ ಬುತ್ತಿ ಡಬ್ಬಿ ತಂದರು. ಮುಚ್ಚಳ ತೆಗೆದು, ಚಮಚ ಒರೆಸಿ, ಊಟಕ್ಕೂ ಏಳದಿದ್ದ ತಾರಿಣಿಯ ಕೈಗೆ ಕೊಟ್ಟರು.