ಡಬ್ಬಿಗೆ ಹಿಡಿದ ಪಥ್ಯ

ಅಂದು ಬೆಳಗ್ಗೆ ಮಾಲೂರಿನ ಸುತ್ತ ದಟ್ಟ ಮಂಜು. ಇಟ್ಟಿಗೆ ಗೂಡಿನ ಹೊಗೆಯೂ ಮೇಲೇರದೆ ಅಲ್ಲೇ ನಿಂತಿತ್ತು. ಗೂಡಿನಲ್ಲಿ ಕೆಲಸ ಮಾಡುವ ಕದಿರೇಶ ಕಬಡ್ಡಿ ಅಭ್ಯಾಸದಲ್ಲಿ ಕುಸಿದು ಬಿದ್ದ. ಗೆಳೆಯರು ಹೊತ್ತು ಮನೆಗೆ ತಂದರು. ಸಂಕ್ರಾಂತಿ ಕಳೆದರೆ ಕೋಲಾರದಲ್ಲಿ ಪಂದ್ಯ.

ತಾಯಿ ಅಂಜಮ್ಮನಿಗೆ ದಿಕ್ಕು ತೋಚಲಿಲ್ಲ. ಬೆಂಗಳೂರಿನಿಂದ ತರಿಸಿದ ಡಬ್ಬಿಯ ಶಕ್ತಿಪುಡಿಯನ್ನೂ ವಿಟಮಿನ್ ಮಾತ್ರೆಯನ್ನೂ ಮಗ ತಪ್ಪದೆ ತೆಗೆದುಕೊಳ್ಳುತ್ತಿದ್ದ. ಪುಡಿ ಕಲಸಲೆಂದು ಪಕ್ಕದ ಮನೆಯ ದೊಡ್ಡಗಂಗಮ್ಮ ತನ್ನ ಹಿತ್ತಾಳೆ ಚೊಂಬಿನಲ್ಲಿ ದಿನವೂ ಹಾಲು ಕಳಿಸುತ್ತಿದ್ದಳು. ಮತ್ತೇಕೆ ಹೀಗಾಯಿತು?

ಆರೋಗ್ಯ ಕೇಂದ್ರದ ನರ್ಸ್ ಭಾರತಮ್ಮ ಬಂದು ನಾಡಿ ನೋಡಿ, ಊಟ ಏನೆಂದು ವಿಚಾರಿಸಿದರು. ಸೊಪ್ಪು, ಹುಳಿ, ಹುರುಳಿ, ಅವರೆ ಯಾವುದನ್ನೂ ಮಗನಿಗೆ ಮುಟ್ಟಿಸಿಲ್ಲ, ಬರೀ ಅನ್ನ, ಮೆಣಸಿನ ಸಾರು ಎಂದು ಅಂಜಮ್ಮ ಹೆಮ್ಮೆಯಿಂದಲೇ ಹೇಳಿದಳು.

"ಔಷಧಿ ಅಂದ್ಮೇಲೆ ಪಥ್ಯ ಬೇಡ್ವಾ ನರ್ಸಮ್ಮ?"

"ಬಾಣಂತಿಗೆ ಮಾಡ್ದಂಗೆ ಮಾಡಿದ್ದೀಯಲ್ಲ ಅಂಜಮ್ಮಕ್ಕ."

ಮಲಗಿದ್ದ ಕದಿರೇಶನಿಗೂ ನಗು ಬಂತು.

"ಗೂಡು ಉರಿದ್ರೆ ಕಿಡಿ ಹಾರುತ್ತಲ್ಲ, ಮೈಯೂ ಹಂಗೇ ಕಣಕ್ಕ," ಎಂದರು ಭಾರತಮ್ಮ. "ಆಡುವಾಗ ಉಸಿರಿನ ಆಮ್ಲಜನಕದಲ್ಲಿ ಊಟ ಉರಿದು ಶಕ್ತಿ ಆಗುತ್ತೆ. ಆಗ ಒಂದಷ್ಟು ಕಿಡಿ ಮಾಂಸಖಂಡಕ್ಕೆ ತಾಗುತ್ತೆ. ಅದನ್ನ ಆರಿಸೋ ಶಕ್ತೀನ ದೇವರು ಮೈಯೊಳಗೇ ಇಟ್ಟಿದ್ದಾನೆ. ಸೊಪ್ಪು, ನೆಲ್ಲಿಕಾಯಿ, ಕಾಳು ಅದಕ್ಕೆ ಆಸರೆ. ನೀನು ಆ ಆಸರೇನೇ ತೆಗೆದ್ಬಿಟ್ಟೆ."

"ಹಂಗಾದ್ರೆ ಈ ಡಬ್ಬೀಲಿ ಏನೈತೆ?"

"ಅವರೆಕಾಳಲ್ಲಿ ಇರೋ ಪ್ರೋಟೀನೇ. ವಿಷ ಅಲ್ಲ, ಆದ್ರೆ ಊಟದ ಜಾಗ ತುಂಬಲ್ಲ. ಮಾತ್ರೆ ಜಾಸ್ತಿ ನುಂಗಿದ್ರೆ ಬಲವೂ ಜಾಸ್ತಿ ಆಗಲ್ಲ."

ಅಂಜಮ್ಮ ಡಬ್ಬಿಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಎದ್ದು ಮುದ್ದೆಗೆ ಎಸರಿಟ್ಟಳು. ಅಂದು ಸೊಪ್ಪಿನ ಬಸ್ಸಾರು, ನೆಲ್ಲಿಕಾಯಿ ಚಟ್ನಿ. ಮಗನನ್ನು ವೈದ್ಯರಿಗೂ ತೋರಿಸಿದರು. ಅವರು ಹೇಳಿದಂತೆ ಕದಿರೇಶ ವಿಶ್ರಾಂತಿ ಪಡೆದು, ಮೆಲ್ಲಮೆಲ್ಲನೆ ಮತ್ತೆ ಅಂಕಣಕ್ಕಿಳಿದ.

ಕೋಲಾರದಲ್ಲಿ ತಂಡ ಸೋತಿತು. ಆದರೆ ಕದಿರೇಶ ಕೊನೆಯವರೆಗೂ ಆಡಿ, ನಗುತ್ತ ಮನೆಗೆ ನಡೆದು ಬಂದ. ಅಂಜಮ್ಮ ದೀಪ ಹಚ್ಚಿ, ಅನ್ನ ಕೊಡುವ ಭೂಮಿತಾಯಿಗೆ ಕೈಮುಗಿದಳು.

ಆಟವಾಡುವ ಮಕ್ಕಳಿರುವ ತಾಯಂದಿರೇ, ಡಬ್ಬಿ ತರಿಸುವ ಮೊದಲು ನಿಮ್ಮ ಒಲೆಯ ಮೇಲಿನ ಪಾತ್ರೆಯೊಳಗೆ ನೋಡಿ. ಸೊಪ್ಪು, ಕಾಳು, ಹಣ್ಣು, ನೀರು, ನಿದ್ದೆ ತಪ್ಪಿಸಬೇಡಿ. ಪುಡಿ, ಮಾತ್ರೆ ಬೇಕೆನಿಸಿದರೆ ಆರೋಗ್ಯ ಕೇಂದ್ರದಲ್ಲಿ ಕೇಳಿ. ಅಂಜಮ್ಮ ಈಗ ಕೇಳಿದವರಿಗೆಲ್ಲ ಹೇಳುವುದು ಇದನ್ನೇ.

ಮಗ ಕೋಲಾರದಿಂದ ಬಂದ ಆ ಸಂಜೆ ಅವಳು ದೊಡ್ಡಗಂಗಮ್ಮನ ಹಾಲಿನ ಚೊಂಬನ್ನು ಹುಣಸೆಹಣ್ಣಿನಲ್ಲಿ ಬೆಳಗಿದಳು. ಬರಿದಾದ ಪಾತ್ರೆ ಹಿಂತಿರುಗಿಸಬಾರದೆಂದು ಅದರ ತುಂಬ ಹಿದುಕಿದ ಅವರೆಬೇಳೆ ತುಂಬಿ, ಮೆಲ್ಲನೆ ಅವಳ ಕೈಗಿಟ್ಟಳು.