ಅಂಗೈ ಮೊದಲು, ದನಿ ಆಮೇಲೆ

ಮ್ಯಾಟು ಬಿಸಿಯಾಗಿದೆ, ತಗಡಿನ ಮಾಡಿನಡಿ ಮಧ್ಯಾಹ್ನವೆಲ್ಲ ಬೆಂದ ರಬ್ಬರಿನ ವಾಸನೆ ಕುಕ್ಕರುಗಾಲಲ್ಲಿ ಕೂತ ನಂದಿತಳ ಮೂಗಿಗೆ ನೇರ ಬಡಿಯುತ್ತಿದೆ, ನರಸೀಪುರದವ್ರಿಗೆ ಒಂದ್ ಫ್ಯಾನ್ ಆಕ್ಸಕ್ಕಾಗಲ್ವ ಅಂತ ಆಟಕ್ಕೆ ಮುಂಚೆ ಅರ್ಪಿತ ಗೊಣಗಿದ್ದಳು, ಅರ್ಪಿತ ಕ್ಯಾಪ್ಟನ್ನು, ಗೊಣಗಬಹುದು, ನಂದಿತ ಗೊಣಗುವ ಹಾಗಿಲ್ಲ — ಖೋ-ಖೋ ಲೀಗು ಶುರುವಾಗಿ ಎರಡು ವಾರ, ನಂಜನಗೂಡು ತಂಡ ಆಡಿದ್ದು ನಾಲ್ಕು ಮ್ಯಾಚು, ಸೋತದ್ದೂ ನಾಲ್ಕು, ಅದರಲ್ಲಿ ಕೊನೆಯದು ಸೋತದ್ದು ಇವಳಿಂದಲೇ, ಹಿಂದಿನಿಂದ ಬಂದವಳು ಬೆನ್ನಿಗೆ ಕೈಯಿಟ್ಟು ಖೋ ಅನ್ನುವ ಮೊದಲೇ ಇವಳು ಎದ್ದುಬಿಟ್ಟಳು, ಫೌಲು, ವಿಸಿಲ್ಲು, ಕೈಗೆ ಸಿಕ್ಕಂತಿದ್ದ ಓಟಗಾರ್ತಿ ನಗುತ್ತಾ ಕಂಬ ಸುತ್ತಿಕೊಂಡು ಹೋದಳು. ಕುಂತ್ಕಡೆ ಕುಂತಿರಕ್ಕಾಗಲ್ವೇನೇ, ಇರುವೆ ಕಚ್ತಾ? ಎದುರು ತಂಡದವಳು ಕೇಳಿದ್ದು. ಬೆಳಿಗ್ಗೆ ಬಸ್ಸಿನಲ್ಲಿ ಕೋಚ್ ರುದ್ರೇಶ್ ಸಾರ್ ಪಕ್ಕದಲ್ಲಿ ಬಂದು ಕೂತು ಕಿಟಕಿ ಕಡೆ ನೋಡುತ್ತಾ ಹೇಳಿದ್ದರು, ಇವತ್ತೂ ಎದ್ರೆ ಸೀಸನ್ ಪೂರ್ತಿ ಬೆಂಚೇ ಕಣಮ್ಮ, ನನ್ ಕೈಲೇನಿಲ್ಲ, ತಂಡದ ಮಾಲೀಕ್ರು ಬೇರೆ ಉಡ್ಗೀನ ನೋಡಿಟ್ಟವ್ರೆ. ಏಳಲ್ಲ ಸಾ. ಏಳುವುದೇ ಇಲ್ಲ.

ಆದರೆ ಏಳುವುದು ಇವಳಲ್ಲವಲ್ಲ, ಇವಳ ಬೆನ್ನು, ತನ್ನೂರು ಕಳಲೆಯ ಸ್ಕೂಲು ಮೈದಾನದಲ್ಲಿ ಹತ್ತು ವರ್ಷ ಪಾಠ ಕಲಿತ ಬೆನ್ನು — ಅಕ್ಕ ಮಂಗಳಗೌರಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಇಲ್ಲ, ಗಿರಣಿಯಿಂದ ರಾಗಿಹಿಟ್ಟು ಹೊತ್ತು ಬರುವವಳು ಚೀಲವನ್ನು ಬೇಲಿಯ ಬುಡಕ್ಕಿಟ್ಟು ಆಟಕ್ಕೆ ಇಳಿದರೆ ಅವಳನ್ನು ಮೀರಿಸಿ ಓಡುವವರಿಲ್ಲ, ದನಿ ಇಲ್ದೆ ಖೋ ಎಂಗಾಯ್ತದೆ ಅಂತ ಯಾವನೋ ತಗಾದೆ ತೆಗೆದಾಗ ಮುದ್ದಮ್ಮ, ಎಲ್ಲರಿಗಿಂತ ದೊಡ್ಡವಳು, ಸೊಂಟಕ್ಕೆ ಕೈಯಿಟ್ಟು ನಿಂತು, ಅವ್ಳ ಕೈಯೇ ಖೋ ಕಣ್ಲಾ, ಒಪ್ಪಿದ್ರೆ ಆಡು, ಇಲ್ದಿದ್ರೆ ಮನೀಗ್ ಓಗು, ಅಂದಿದ್ದೇ ಊರಿನ ಮಕ್ಕಳಿಗೆಲ್ಲ ಕಾನೂನಾಯಿತು, ಅಂಗೈ ಬಿದ್ದರೆ ಸಾಕು, ಏಳು, ಓಡು. ಸಂಜೆ ಯೂನಿಫಾರಂ ಬಿಚ್ಚಿಸುವಾಗ ಅವ್ವ ಮಹದೇವಮ್ಮ, ಅದೇನಮ್ಮಿ ಬೆನ್ ಮ್ಯಾಲೆ, ಯಾರ್ ಒಡುದ್ರು? ಯಾರೂ ಹೊಡೆದಿಲ್ಲವ್ವ — ನೀಲಿ ಬಟ್ಟೆಯ ಮೇಲೆ ರಾಗಿಹಿಟ್ಟಿನ ಐದು ಬೆರಳು.

ವಾರವಿಡೀ ಹಾಸ್ಟೆಲಿನ ಗೋಡೆಗೆ ಮುಖಮಾಡಿ ಕೂತಿದ್ದಾಳೆ, ಬಡಿ ಅರ್ಪಿತಕ್ಕ, ಖೋ ಅನ್ಬೇಡ, ಸುಮ್ನೆ ಬಡಿ, ನೂರು ಸಲ, ಇನ್ನೂರು ಸಲ, ನಂಗ್ ಕೈ ನೋಯ್ತದೆ ಕಣೇ, ನಿನ್ ಬೆನ್ನೇನ್ ಒಗಿಯೋ ಕಲ್ಲಾ, ಮೊದಲ ದಿನ ನೂರಕ್ಕೆ ಅರವತ್ತು ಸಲ ಎದ್ದಳು, ನಿನ್ನೆ ಎರಡೇ ಸಲ, ಆದರೂ ಎರಡು ಎರಡೇ. ಭಾನುವಾರ ಊರಿಗೆ ಹೋಗಿ ಅಕ್ಕನಿಗೆ ಕೈಸನ್ನೆಯಲ್ಲಿ ಎಲ್ಲ ಹೇಳಿದಳು, ನಿನ್ನ ಆಟ ಮರೀಬೇಕಾಗಿದೆ ಅನ್ನುವುದನ್ನು ಹೇಗೆ ಹೇಳುವುದೋ ತಿಳಿಯದೆ ಬೆನ್ನು ಮುಟ್ಟಿಕೊಂಡು ತಲೆಯಾಡಿಸಿದಳು, ಅಕ್ಕ ನಕ್ಕಳು, ಇವಳ ಕಿವಿಯನ್ನು ಹಿಡಿದು ಮೆಲ್ಲಗೆ ಎಳೆದಳು, ಇದನ್ನ ಬಳಸು ಅನ್ನುವ ಹಾಗೆ. ಇವತ್ತು ಅಕ್ಕ ಅಲ್ಲಿ ಆಟ ನೋಡುವವರ ಮೂರನೇ ಸಾಲಿನಲ್ಲಿದ್ದಾಳೆ, ಬಸ್ಸು ಹತ್ತಿ ಬಂದಿದ್ದಾಳೆ, ನೋಡಬಾರದು, ಮುಂದೆ ನೋಡು —

ಉಳಿದದ್ದು ನಲವತ್ತು ಸೆಕೆಂಡು, ಇನ್ನೊಂದು ಔಟಾದರೆ ಗೆಲುವು, ಓಟಗಾರ್ತಿ ಬೇಕೆಂತಲೇ ಇವಳ ಮುಂದೆಯೇ ಸುಳಿದಾಡುತ್ತಿದ್ದಾಳೆ, ಎಲ್ಲರಿಗೂ ಗೊತ್ತು ಇವಳ ಬೆನ್ನಿನ ಕತೆ, ಹಿಂದೆ ಅರ್ಪಿತಳ ಕಾಲಿನ ಸದ್ದು, ಏದುಸಿರು, ಎಡವಿದಳು, ಆಸರೆಗೆಂದು ಅಂಗೈ ಊರಿದಳು, ಇವಳ ಬೆನ್ನ ನಡುವಿಗೇ — ತೊಡೆ ಬಿಗಿಯಿತು, ಹಿಮ್ಮಡಿ ಎತ್ತಿತು, ಏಳು ಅಂತು ಬೆನ್ನು, ಕೂರು, ಕೂರು ನಂದಿತ, ಇದಿನ್ನೂ ಬರೀ ಕೈ, ದನಿ ಬಂದಿಲ್ಲ, ಕಿವಿಯ ತುದಿಯಲ್ಲಿ ಅಕ್ಕ ಎಳೆದ ಜಾಗ ಚುರುಗುಟ್ಟಿತು, ಕೂತಳು. ಓಟಗಾರ್ತಿ ನಿಂತೇಬಿಟ್ಟಳು, ಫೌಲೇ ಅಂದುಕೊಂಡು, ವಿಸಿಲ್ಲಿಗೆ ಕಾಯುತ್ತಾ, ಹಲ್ಲು ಬಿಡುತ್ತಾ, ವಿಸಿಲ್ಲು ಬರಲಿಲ್ಲ, ಮತ್ತೆ ಅಂಗೈ, ಅದರ ಜೊತೆಗೇ ಗಂಟಲು ಹರಿಯುವ ಹಾಗೆ ಖೋ — ಈಗ, ಈಗ ಏಳು, ಎರಡು ಹೆಜ್ಜೆ, ಅವಳು ತಿರುಗುತ್ತಿದ್ದಾಳೆ, ಹಾರು, ಕೈ ಚಾಚು, ಔಟು ಮಾಡಲು ದನಿ ಬೇಡ, ಯಾವ ಮೈದಾನದಲ್ಲೂ ಬೇಡ, ಕೈ ಸಾಕು, ಮ್ಯಾಟು ಗದ್ದಕ್ಕೆ ಬಡಿಯಿತು, ವಿಸಿಲ್ಲೋ ಕೂಗೋ ಏನೋ ಒಂದು ದೂರದಲ್ಲಿ, ಕಣ್ಣೆದುರು ಅವಳ ನೀಲಿ ಜೆರ್ಸಿ, ಅದರ ಬೆನ್ನ ನಡುವೆ ತನ್ನ ಬೆವರಿನ ಐದು ಬೆರಳು, ಐದು ಬೆರಳು, ಐದೂ.