ಬೆಳಗಿನ ಬ್ರೇಕು

"ಬ್ರೇಕ್ ಹೊಡೆಯುದ್ರಲ್ಲಿ ನಿಮ್ಮನ್ನು ಮೀರಿಸುವವರು ಇಡೀ ವಡೋದರಾದಲ್ಲಿ ಇಲ್ಲ" ಎಂದು ಗುರುಕಿರಣ ಮೊಬೈಲ್ ತಿರುಗಿಸಿ ತೋರಿಸಿದಾಗ ಯಶವಂತನಿಗೆ ಮೊದಲು ನಗುವೇ ಬಂತು. ಮಕರಪುರದ ಕಾರ್ಖಾನೆಗಳಿಗೆ ಊಟ ಒಯ್ಯುವ ಡ್ರೈವರುಗಳ ಆ ತಿಂಗಳ ಪಟ್ಟಿಯಲ್ಲಿ ಅವನ ಹೆಸರೇ ಕಟ್ಟಕಡೆಗೆ, ಕೆಂಪು ಬಣ್ಣದಲ್ಲಿತ್ತು. ಸಾಂಬಾರಿನ ಹಂಡೆ ಹೇರಿಕೊಂಡು, ಹನಿ ಚೆಲ್ಲದ ಹಾಗೆ ಗುಂಡಿ ತಪ್ಪಿಸುತ್ತ ತಲೆ ನರೆತವನು ಅವನು.

ಗುರುಕಿರಣ, ಯಶವಂತ ದುಡಿಯುವ ಹೋಟೆಲಿನ ಧಣಿ ಅನಂತರಾಮ ರಾಯರ ತಂಗಿಯ ಮಗ. ಡೀಸೆಲ್ ಖರ್ಚು ತಗ್ಗಿಸುತ್ತೇನೆಂದು ಉಡುಪಿಯಿಂದ ಬಂದವನೇ ಪ್ರತಿ ವ್ಯಾನಿಗೂ ಒಂದು ಪುಟ್ಟ ಪೆಟ್ಟಿಗೆ ಕೂರಿಸಿದ್ದ. ಜೋರಾಗಿ ಬ್ರೇಕ್ ಒತ್ತಿದರೆ ಅದು ಪೀಂ ಎಂದು ಕೂಗಿ ಡ್ರೈವರನ ಅಂಕ ಕಡಿಯುತ್ತಿತ್ತು. ತಿಂಗಳ ಕೊನೆಗೆ ಹಿಂದೆ ಬಿದ್ದವನು ಸ್ಟೇರಿಂಗ್ ಬಿಟ್ಟು ಅಡುಗೆಮನೆಯ ಗ್ರೈಂಡರಿನ ಮುಂದೆ ನಿಲ್ಲಬೇಕೆಂದು ಎಲ್ಲರೆದುರು ಹೇಳಿಯೂ ಆಗಿತ್ತು.

"ಇದು ಎಷ್ಟು ಹೊತ್ತಿಗೆ ಆದದ್ದು, ನೋಡ್ಲಿಕ್ಕೆ ಆಗ್ತದಾ?" ಯಶವಂತ ಕೇಳಿದ.

"ದಿನಾ ಬೆಳಗಿನ ಜಾವ. ಎಂತ, ರೇಸಿಗೆ ಹೋಗ್ತೀರಾ?"

ಯಶವಂತನ ನಗು ಅಲ್ಲೇ ಆರಿತು. ಬೆಳಗಿನ ಜಾವ ಅವನ ವ್ಯಾನನ್ನು ತರಕಾರಿ ಮಂಡಿಗೆ ಒಯ್ಯುವವರು ಸ್ವತಃ ರಾಯರು. ಬದನೆ ಹಿಚುಕಿ, ಬೆಂಡೆಯ ತುದಿ ಮುರಿದು ಆರಿಸುವ ಕೆಲಸವನ್ನು ಅವರು ಇನ್ನೊಬ್ಬರಿಗೆ ಬಿಟ್ಟುಕೊಟ್ಟವರೇ ಅಲ್ಲ. ಮೊದಲ ಬುಟ್ಟಿ ಕೈತಪ್ಪೀತೆಂದು ದನ, ರಿಕ್ಷಾ ಒಂದನ್ನೂ ನೋಡದೆ ನುಗ್ಗುವುದು, ತೀರಾ ಮೂಗಿನ ಮುಂದೆ ಬಂದಾಗ ಬ್ರೇಕಿನ ಮೇಲೆ ನಿಲ್ಲುವುದು ಅವರ ಪದ್ಧತಿ. ಎಂಟಕ್ಕೆ ಏಳುವ ಸೋದರಳಿಯನಿಗೆ ಇದು ಗೊತ್ತಾಗುವುದಾದರೂ ಹೇಗೆ?

ಯಶವಂತ ಕ್ಯಾಶ್ ಕೌಂಟರಿನತ್ತ ನೋಡಿದ. ರಾಯರಿಗೆ ಎಲ್ಲವೂ ಕೇಳಿಸಿತ್ತು. ಅದು ನಾನು ಮಾರಾಯ ಎಂದು ನಕ್ಕುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವರು ಸೋಂಪಿನ ಬಟ್ಟಲನ್ನು ಆಚೀಚೆ ಸರಿಸಿದರು.

"ರಾಯ್ರೇ, ನೀವೊಂದು ಮಾತು ಹೇಳಿ."

"ಮಿಷನ್ನು ಸುಳ್ಳು ಹೇಳ್ತದಾ ಯಶವಂತ? ಸ್ವಲ್ಪ ದಿನ ಒಳಗೆ ಇರು. ನಿಂಗೂ ವಯಸ್ಸಾಯ್ತಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬೆಳಗಿನ ಜಾವ ವ್ಯಾನು ಒಯ್ಯುವವರು ಯಾರೆಂದು ಅಲ್ಲೇ ಹೇಳಿಬಿಡಲು ಯಶವಂತ ಬಾಯಿ ತೆರೆದ. ಆದರೆ ಅವನೂ ಹೆಂಡತಿ ಸೌಮ್ಯಾಳೂ ಇದ್ದದ್ದು ಹೋಟೆಲಿನ ಹಿಂದೆ ರಾಯರೇ ಕೊಟ್ಟ ಕೋಣೆಯಲ್ಲಿ. ಸತ್ಯ ಹೇಳಿದರೆ ಕೆಲಸದ ಜತೆಗೆ ಸೂರೂ ಹೋಗುತ್ತದೆಂದು ಹೆದರಿದ. ಹೆದರಿದ್ದಕ್ಕೆ ತನ್ನ ಮೇಲೇ ಹೇಸಿಗೆಪಟ್ಟ.

ಮರುದಿನ ಕತ್ತಲು ಹರಿಯುವ ಮೊದಲೇ ಗ್ರೈಂಡರ್ ತಿರುಗುತ್ತಿತ್ತು. ಯಶವಂತನ ಕೈ ಮೊಣಕೈವರೆಗೆ ಇಡ್ಲಿ ಹಿಟ್ಟಾಗಿತ್ತು. ಹೆಗಲಿಗೆ ಗೋಣಿಚೀಲ ಹಾಕಿಕೊಂಡು ರಾಯರು ಬಾಗಿಲಲ್ಲಿ ನಿಂತರು.

"ಚಾವಿ ಎಲ್ಲುಂಟು ಮಾರಾಯ?"

ಅದು ಇನ್ನೂ ಅವನ ಕಿಸೆಯಲ್ಲೇ ಇತ್ತು. ಕೈ ಒರೆಸಿಕೊಂಡು ತೆಗೆದುಕೊಟ್ಟ. ರಾಯರು ಅವನ ಮುಖ ನೋಡಲಿಲ್ಲ.

"ಗೇಟಿನ ಹತ್ರ ನಿಧಾನ ಹೋಗಿ. ಹಾಲಿನವ ಬರುವ ಹೊತ್ತು" ಎಂದ ಯಶವಂತ.

"ಹೂಂ" ಎಂದು ಅವರು ಹೋದರು. ವ್ಯಾನು ಗುರ್ರೆಂದು ಹೊರಟಿತು. ಗೇಟಿನ ಬಳಿ ಸೈಕಲ್ಲಿನ ಗಂಟೆ ಕೇಳಿಸಿದ್ದೇ ತಡ, ಗ್ರೈಂಡರಿನ ಮುಂದೆ ಯಶವಂತನ ಬಲಗಾಲು ತಾನಾಗಿಯೇ ಒದ್ದೆ ನೆಲವನ್ನು ಮೆಲ್ಲಗೆ ಒತ್ತಿತು. ಆಮೇಲೆ ಹೊರಗೆ ಟೈರು ಕಿರುಚಿತು, ಪೆಟ್ಟಿಗೆ ಪೀಂ ಎಂದಿತು.